ಎಳೆಯ ಎಣಿಕೆ ಮತ್ತು ಚಿತ್ರವಿನ್ಯಾಸ: ಧಾರವಾಡ ಪರಿಸರದ ಕಸೂತಿ

ಹುಬ್ಬಳ್ಳಿ-ಧಾರವಾಡ ಪರಿಸರದ ವಸ್ತ್ರಪರಂಪರೆಯಲ್ಲಿ ಕಸೂತಿಗೆ ವಿಶಿಷ್ಟ ಸ್ಥಾನವಿದೆ. ಇಳಕಲ್ ಸೀರೆಯ ಸೆರಗು, ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ, ಕುಪ್ಪಸ, ಕೂಸಿನ ಕುಲಾವಿ, ಕುಂಚಿಗೆಗಳ ಮೇಲೆ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿಯಾನೆ, ತುಳಸಿ ವೃಂದಾವನಗಳನ್ನು ಮೂಡಿಸುತ್ತ ಬಂದವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳೇ. ಕಸೂತಿಯ ಬಗೆಗಿನ ಚರ್ಚೆ ಸಾಮಾನ್ಯವಾಗಿ ಈ ಆಕೃತಿಗಳ ಅರ್ಥಕ್ಕೆ ಸೀಮಿತವಾಗುತ್ತದೆ. ಚಿತ್ರವು ಬಟ್ಟೆಯ ಮೇಲೆ ಬಂದು ಕೂರುವ ಬಗೆಯೂ ಅಷ್ಟೇ ವಿಚಾರಾರ್ಹವಾದುದು.

ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ಹಾಸು-ಹೊಕ್ಕುಗಳ ಎಳೆಗಳನ್ನೆಣಿಸಿ ಸೂಜಿ ಹಾಕಲಾಗುತ್ತದೆ. ಅಂದರೆ ನೇಯ್ಗೆಯೇ ಇಲ್ಲಿ ಚೌಕಳಿ. ತೇರಿನ ಆಕೃತಿ ಹೊಲಿಯುವವಳ ನೆನಪಿನಲ್ಲಿ ಅಳತೆಯಾಗಿರದೆ ಎಣಿಕೆಯಾಗಿರುತ್ತದೆ. ಆದ್ದರಿಂದಲೇ ಅದೇ ತೇರು ಒರಟು ನೇಯ್ಗೆಯಲ್ಲಿ ದೊಡ್ಡದಾಗಿ, ನಯವಾದ ನೇಯ್ಗೆಯಲ್ಲಿ ಚಿಕ್ಕದಾಗಿ ಮೂಡುತ್ತದೆ. ಹಾಸು ಒತ್ತಾಗಿದ್ದು ಹೊಕ್ಕು ವಿರಳವಾಗಿದ್ದರೆ ಓರೆಗೆರೆಗಳ ಓರೆ ಬದಲಾಗಿ ಗೋಪುರ ನೀಳವಾಗುತ್ತದೆ. ಎಣಿಕೆ ಮಾತ್ರ ಬದಲಾಗದು.

ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯ ರಚನೆ ಹೆಚ್ಚು ಕುತೂಹಲಕರ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಮರಳುವಾಗ ಬಿಟ್ಟುಹೋದ ಎಡೆಗಳು ತುಂಬಿಕೊಳ್ಳುತ್ತವೆ. ನಡುವೆ ಕವಲು ಬಂದರೆ ಅದರ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ, ಮುಖ್ಯ ಗೆರೆಯನ್ನು ಮುಂದುವರಿಸಬೇಕು. ಕವಲಿನಲ್ಲಿ ಹೋದಷ್ಟೇ ಹೊಲಿಗೆ ಹಿಂದಕ್ಕೂ ಬೀಳುವುದರಿಂದ ಒಟ್ಟು ಯಾವಾಗಲೂ ಸಮಸಂಖ್ಯೆ. ಮೇಲೆ-ಕೆಳಗಿನ ಸರದಿ ತಪ್ಪುವುದಿಲ್ಲ. ಪ್ರತಿ ಗೆರೆಯ ಮೇಲೂ ಎರಡು ಬಾರಿ ಸಾಗುವುದಾದರೆ ಬಿಡಿಬಿಡಿಯಾಗಿರದ ಯಾವ ಆಕೃತಿಯನ್ನಾದರೂ ಸುತ್ತಿ ಹೊರಟಲ್ಲಿಗೇ ಮರಳಬಹುದೆಂಬುದು, 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ನಗರದ ಸೇತುವೆಗಳನ್ನು ಕುರಿತು ನಡೆಸಿದ ವಿವೇಚನೆಯಿಂದ ಹೊರಡುವ ತೀರ್ಮಾನ. ಗವಂತಿ ಹಾಕುವವರಿಗೆ ಇದು ನಿತ್ಯದ ಕೈಕೆಲಸ.

ಮೇಲ್ಮೈಯನ್ನು ಮನೆಮನೆಯಾಗಿ ವಿಭಜಿಸಿ, ಒಂದೊಂದು ಮನೆಗೂ ಚಿತ್ರದ ಒಂದೊಂದು ಅಂಶವನ್ನು ಒಪ್ಪಿಸುವ ಈ ಕ್ರಮ ಇಂದಿನ ವಾಸ್ತುಶಿಲ್ಪದಲ್ಲಿಯೂ ಕಾಣುತ್ತದೆ. 2005ರಲ್ಲಿ ತೆರೆದ ಸ್ಯಾನ್ ಫ್ರಾನ್ಸಿಸ್ಕೊದ ಡಿ ಯಂಗ್ ಸಂಗ್ರಹಾಲಯದ ತಾಮ್ರದ ಹೊದಿಕೆಯಲ್ಲಿ ಮರಗಳ ಛಾಯಾಚಿತ್ರವು ರಂಧ್ರಗಳಾಗಿ, ಉಬ್ಬುತಗ್ಗುಗಳಾಗಿ ಹಲಗೆಗಳ ಮೇಲೆ ಹಂಚಿಹೋಗಿದೆ. 2007ರಲ್ಲಿ ಡೇವಿಡ್ ರಟ್ಟನ್ ರೂಪಿಸಿದ, ಮುಂದೆ ಗ್ರಾಸ್‌ಹಾಪರ್ ಎಂದು ಹೆಸರಾದ ತಂತ್ರಾಂಶದಲ್ಲಿ ಚಿತ್ರದ ಪ್ರತಿ ಬಿಂದುವಿನ ಬೆಳಕಿನ ಪ್ರಮಾಣವನ್ನು ಓದಿ, ಅದಕ್ಕನುಗುಣವಾಗಿ ಹಲಗೆಯ ರಂಧ್ರದ ಗಾತ್ರವನ್ನು ನಿರ್ಧರಿಸಬಹುದು. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಅಲ್ಲಿ ವಿಭಜನೆಯನ್ನು ವಿನ್ಯಾಸಕಾರನೇ ಇಚ್ಛೆಯಂತೆ ಬದಲಿಸಬಲ್ಲ. ಇಲ್ಲಿ ಅದನ್ನು ನೇಕಾರ ಮೊದಲೇ ನಿಶ್ಚಯಿಸಿಬಿಟ್ಟಿರುತ್ತಾನೆ.

ಎಳೆ ಎಣಿಸಲಾಗದ ನಯವಾದ ಬಟ್ಟೆಗಳು ಬಂದಾಗ ಈ ಕಲೆ ತೊಡಕಿಗೆ ಸಿಲುಕಿತು. ಅದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು: ಬಟ್ಟೆಯ ಮೇಲೆ ಜಾಳಾದ ಇನ್ನೊಂದು ಬಟ್ಟೆಯನ್ನು ತಾತ್ಕಾಲಿಕವಾಗಿ ಹೊಲಿದು, ಅದರ ಎಳೆಗಳನ್ನೆಣಿಸಿ ಕಸೂತಿ ಹಾಕಿ, ಕೊನೆಗೆ ಆ ಎಳೆಗಳನ್ನೊಂದೊಂದಾಗಿ ಎಳೆದು ತೆಗೆಯುವುದು. ಇದರಲ್ಲಿ ಎಣಿಕೆ ಉಳಿಯುತ್ತದೆ. ಅಚ್ಚಿನಿಂದ ಗೆರೆ ಮೂಡಿಸಿಕೊಂಡು ಹೊಲಿದರೆ ಆಕೃತಿ ಉಳಿಯುತ್ತದೆ, ಎಣಿಕೆ ಹೋಗುತ್ತದೆ.

ಇತಿಹಾಸಕಾರನಿಗೆ ಎದುರಾಗುವ ತೊಡಕು ಇಲ್ಲಿಯೇ ಇದೆ. ಗವಂತಿಯಲ್ಲಿ ಗಂಟು ಕಾಣದು, ಬಟ್ಟೆಯ ಎರಡೂ ಬದಿ ಒಂದೇ. ಹೀಗಾಗಿ ಹಳೆಯ ಸೀರೆಯನ್ನು ತಿರುವಿ ನೋಡಿದರೂ ಸೂಜಿ ಎಲ್ಲಿಂದ ಹೊರಟಿತು, ಯಾವ ಕವಲನ್ನು ಮೊದಲು ಮುಗಿಸಿತು ಎಂಬುದು ಸುಲಭವಾಗಿ ತಿಳಿಯದು. ಸಂಗ್ರಹಾಲಯದ ದಾಖಲೆಗಳಲ್ಲಿ ಆಕೃತಿಯ ಹೆಸರಿನೊಡನೆ ಎಳೆಗಳ ಎಣಿಕೆ, ಆರಂಭದ ಬಿಂದು ಮತ್ತು ಕವಲುಗಳ ಕ್ರಮವನ್ನೂ, ಹೊಲಿಯಬಲ್ಲ ಹಿರಿಯರಿರುವಾಗಲೇ ಅವರಿಂದ ಕೇಳಿ ಬರೆದುಕೊಳ್ಳಬೇಕಾಗಿದೆ.