ದಿನಕ್ಕೆ ಎರಡಾಣೆ: ಉಡುಪಿಯಿಂದ ಮುಂಬ್ರಾದವರೆಗೆ ಒಂದು ಬಂಡವಾಳದ ಕಥೆ

ಥಾಣೆಯಿಂದ ಕಲ್ಯಾಣದ ಕಡೆಗೆ ಹೋಗುವ ಸ್ಲೋ ಲೋಕಲ್ ಕಳವಾ ದಾಟಿದ ಮೇಲೆ ಸಿಗುವ ನಿಲ್ದಾಣ ಮುಂಬ್ರಾ. ಒಂದು ಬದಿಗೆ ಪಾರ್ಸಿಕ್ ಗುಡ್ಡ, ಇನ್ನೊಂದು ಬದಿಗೆ ಖಾಡಿ, ನಡುವೆ ಒತ್ತಿಕೊಂಡು ಬೆಳೆದ ಊರು. 1992-93ರ ಗಲಭೆಗಳ ನಂತರ ಮುಂಬಯಿಯ ನಾನಾ ಬಡಾವಣೆಗಳಿಂದ ಮುಸ್ಲಿಂ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಸಣ್ಣದಾಗಿದ್ದ ಊರು ನೋಡುನೋಡುತ್ತಿದ್ದಂತೆ ಲಕ್ಷಗಟ್ಟಲೆ ಜನರ ವಸತಿಯಾಯಿತು. ಡೊಂಬಿವಲಿ, ಕಲ್ಯಾಣಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಇದು ದಿನವೂ ಹಾದುಹೋಗುವ, ಆದರೆ ಅಪರೂಪಕ್ಕೆ ಇಳಿಯುವ ನಿಲ್ದಾಣ.

ಇಂಥ ಊರಿನಲ್ಲಿ ಒಬ್ಬಾತ ನಾಲ್ಕು ಹೊಲಿಗೆ ಯಂತ್ರ ಹಾಕಿಕೊಂಡು ಒಂದು ಘಟಕ ತೆರೆಯಬೇಕೆಂದುಕೊಂಡರೆ ಹಣ ಎಲ್ಲಿಂದ ಬರಬೇಕು? 2006ರಲ್ಲಿ ವರದಿ ಕೊಟ್ಟ ಸಾಚಾರ್ ಸಮಿತಿ ಈ ಪ್ರಶ್ನೆಯನ್ನು ಮುಟ್ಟಿತ್ತು. ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು ‘ನೆಗೆಟಿವ್ ಝೋನ್’ ಎಂದು ಗುರುತಿಸಿಕೊಂಡು, ಅಲ್ಲಿ ಸಾಲ ಸುಲಭವಾಗಿ ಸಿಗದಂತೆ ಮಾಡಿವೆ ಎಂದು ಅದು ದಾಖಲಿಸಿತು. ಅಂದರೆ ಸಾಲ ಕೇಳುವವನ ಲೆಕ್ಕಪುಸ್ತಕ ನೋಡುವ ಮೊದಲೇ ಅವನ ವಿಳಾಸ ನೋಡಲಾಗುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ಹೇಳಲಾಗುವ ಉತ್ತರಗಳಲ್ಲೊಂದು ಇಂಪ್ಯಾಕ್ಟ್ ಇನ್ವೆಸ್ಟಿಂಗ್. ಸಮಾಜಕ್ಕೂ ಉಪಯೋಗವಾಗುವ, ಈಗಷ್ಟೇ ಹುಟ್ಟಿದ ಕಂಪನಿಗಳಲ್ಲಿ ವೆಂಚರ್ ಕ್ಯಾಪಿಟಲ್ ಸಂಸ್ಥೆಗಳು ಹಣ ತೊಡಗಿಸುವುದು. ಈ ಹೆಸರು ಹುಟ್ಟಿದ್ದು 2007ರಲ್ಲಿ, ಇಟಲಿಯ ಬೆಲ್ಲಾಜಿಯೊದಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಕರೆದ ಸಭೆಯಲ್ಲಿ. ಆದರೆ ಆ ಕೆಲಸಕ್ಕೆ ನಮ್ಮ ಕರಾವಳಿಯಲ್ಲಿ ನೂರು ವರ್ಷದ ಹಿನ್ನೆಲೆಯಿದೆ. ಆ ಹಿನ್ನೆಲೆ ತಿಳಿದರೆ ಇಂದಿನ ಹೂಡಿಕೆದಾರರನ್ನು ಏನು ಕೇಳಬೇಕೆಂಬುದೂ ತಿಳಿಯುತ್ತದೆ.

1906ರಿಂದಲೇ ಶುರುಮಾಡೋಣ. ಆ ಒಂದೇ ವರ್ಷದಲ್ಲಿ ಕರಾವಳಿಯ ಜನ ಮೂರು ಕಡೆ ಹಣಕಾಸು ಸಂಸ್ಥೆ ಕಟ್ಟಿದರು. ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದೂರರ ಮುಂದಾಳತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಶುರುವಾಯಿತು. ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರುಸಮಾನರಾದ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಒಂದು ಸಹಕಾರಿ ಪತ್ತಿನ ಸಂಘ ಸ್ಥಾಪಿಸಿದರು. ಮೊದಲನೆಯದು ಕಾರ್ಪೊರೇಶನ್ ಬ್ಯಾಂಕ್ ಆಯಿತು, ಎರಡನೆಯದು ಕೆನರಾ ಬ್ಯಾಂಕ್, ಮೂರನೆಯದು ಇಂದಿನ ಎಸ್‌ವಿಸಿ ಬ್ಯಾಂಕ್.

ಉಡುಪಿಯ ಸಂಸ್ಥೆಯ ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಜಾತಿ ಮತದ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು ಸ್ಥಾಪಕರು ಹೇಳಿಕೊಂಡ ಗುರಿ. ಈ ಮಾತಿಗೆ ಆಗ ತೂಕವಿತ್ತು. ಏಕೆಂದರೆ ಆ ಕಾಲದ ಬಹುಪಾಲು ಸಂಘಗಳು ಒಂದೊಂದು ಸಮುದಾಯದೊಳಗೆ ಹುಟ್ಟಿದವು. ತಮ್ಮವರ ಮನೆತನ, ನಡತೆ, ಸಂಬಳ ತಮಗೆ ಗೊತ್ತು. ಆ ಪರಿಚಯವೇ ಜಾಮೀನು. ಮುಂಬಯಿಗೆ ಹೋದ ಕರಾವಳಿಯವರು ಮುಂದೆಯೂ ಇದೇ ದಾರಿಯಲ್ಲಿ ನಡೆದರು. ಬಿಲ್ಲವರ ಸಂಘಟನೆ ಅಲ್ಲಿ 1978ರಲ್ಲಿ ಕಟ್ಟಿದ ಭಾರತ್ ಬ್ಯಾಂಕ್ ಅದಕ್ಕೊಂದು ಸಾಕ್ಷಿ. ಪರಿಚಯದ ಜಾಮೀನು ಬಹಳ ಜನರನ್ನು ಮೇಲೆತ್ತಿದೆ. ಆದರೆ ಪರಿಚಯದ ವೃತ್ತದ ಹೊರಗೆ ನಿಂತವನಿಗೆ ಅದರಿಂದ ಪ್ರಯೋಜನವಿಲ್ಲ. ಹಾಜಿ ಅಬ್ದುಲ್ಲಾ ಸಾಹೇಬರು ಆ ವೃತ್ತವನ್ನು ಇಡೀ ಊರಿನಷ್ಟು ದೊಡ್ಡದು ಮಾಡಲು ನೋಡಿದರು.

ಪರಿಚಯವನ್ನು ಒಂದು ವ್ಯವಸ್ಥೆಯಾಗಿಸಿದವರು ಅದೇ ಉಡುಪಿಯ ಇನ್ನೊಂದು ಗುಂಪು. 1925ರಲ್ಲಿ ಕೈಮಗ್ಗದ ಕಸುಬು ಸಂಕಟದಲ್ಲಿದ್ದಾಗ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನವೂ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ಬರೆದುಕೊಳ್ಳುತ್ತಾನೆ. ದಿನಗೂಲಿಯವನು ತಿಂಗಳ ಕೊನೆಯವರೆಗೆ ಹಣ ಇಟ್ಟುಕೊಳ್ಳಲಾರ, ಆದರೆ ಸಂಜೆಯವರೆಗೆ ಇಟ್ಟುಕೊಳ್ಳಬಲ್ಲ. ಬ್ಯಾಂಕು ತನ್ನ ಗಡಿಯಾರವನ್ನು ಅವನ ಗಡಿಯಾರಕ್ಕೆ ಹೊಂದಿಸಿಕೊಂಡಿತು. ವರ್ಷಗಟ್ಟಲೆ ದಿನವೂ ಒಬ್ಬನನ್ನು ನೋಡಿದವನಿಗೆ ಅವನಿಗೆ ಸಾಲ ಕೊಡಬಹುದೋ ಬೇಡವೋ ಎಂಬುದು ಕಾಗದಪತ್ರವಿಲ್ಲದೆಯೂ ಗೊತ್ತಾಗುತ್ತದೆ.

ಎಪ್ಪತ್ತು ವರ್ಷಗಳ ನಂತರ ಈ ಪಾಠ ಮತ್ತೆ ಕಾಣಿಸಿಕೊಂಡಿತು, ಈ ಬಾರಿ ಕಂಪನಿಯ ರೂಪದಲ್ಲಿ. 1995ರಲ್ಲಿ ಹರೀಶ್ ಹಂದೆ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಬಡವರ ಮನೆಗಳಿಗೆ ಸೌರದೀಪ ಮಾರುತ್ತಿತ್ತು. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆಗಬಹುದು ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದ್ದನ್ನು ಹಂದೆ ಅನೇಕ ಕಡೆ ನೆನೆಸಿಕೊಂಡಿದ್ದಾರೆ. ಲೆಕ್ಕಕ್ಕೆ ಎರಡೂ ಒಂದೇ, ಬದುಕಿಗೆ ಒಂದೇ ಅಲ್ಲ. 2000ದ ದಶಕದ ನಡುವಿನಲ್ಲಿ ಜರ್ಮನಿಯ ಬೇಡಿಕೆಯಿಂದ ಸೌರಫಲಕದ ಬೆಲೆ ಏರಿ ಸೆಲ್ಕೋ ನಷ್ಟಕ್ಕೆ ಬಿತ್ತು. ಉಳ್ಳ ಗಿರಾಕಿಗಳ ಕಡೆ ತಿರುಗುವುದು ಸುಲಭದ ದಾರಿಯಾಗಿತ್ತು. ಅದರ ಬದಲು ಕಂಪನಿ ತನ್ನ ಹೂಡಿಕೆದಾರರನ್ನೇ ಬದಲಿಸಿಕೊಂಡಿತು. ಕಡಿಮೆ ಲಾಭಕ್ಕೆ ಹೆಚ್ಚು ಕಾಲ ಕಾಯಲು ಒಪ್ಪಿದವರು ಬಂದರು.

ಮುಂಬಯಿಯಲ್ಲಿ 2001ರಲ್ಲಿ ವಿನೀತ್ ರಾಯ್ ಆರಂಭಿಸಿದ ಆವಿಷ್ಕಾರ್ ಈ ಜಾತಿಯ ಹಣಕ್ಕೆ ನಮ್ಮ ದೇಶದ ಮೊದಲ ಉದಾಹರಣೆಗಳಲ್ಲೊಂದು. ದೊಡ್ಡ ನಗರಗಳ ಹೊರಗಿನ, ಬೇರೆ ಯಾರೂ ಮೂಸದ ಹೊಸ ಉದ್ಯಮಗಳಲ್ಲಿ ಅದು ಷೇರು ಕೊಂಡಿತು. ಅಶ್ವಿನ್ ನಾಯಕ್ ಮತ್ತು ವೀರೇಂದ್ರ ಹಿರೇಮಠ ಎಂಬ ಇಬ್ಬರು ವೈದ್ಯರು ಹುಬ್ಬಳ್ಳಿ, ಗದಗಗಳಲ್ಲಿ ಶುರುಮಾಡಿದ ವಾತ್ಸಲ್ಯ ಆಸ್ಪತ್ರೆಗಳಿಗೆ ಮೊದಲ ಹಂತದಲ್ಲಿ ಹಣ ಹಾಕಿದವರಲ್ಲಿ ಅದೂ ಒಂದು. ಸಾಲಕ್ಕಿಂತ ಇದು ಬೇರೆ ಬಗೆ. ಅಡಮಾನ ಬೇಡ, ತಿಂಗಳ ಕಂತಿಲ್ಲ. ಉದ್ಯಮ ಮುಳುಗಿದರೆ ಹಣವೂ ಮುಳುಗುತ್ತದೆ. ವಿಳಾಸ ನೋಡಿ ತಿರುಗಿ ಕಳಿಸುವ ಬ್ಯಾಂಕಿನ ಎದುರು ಇದು ದೊಡ್ಡ ಔದಾರ್ಯದಂತೆ ಕಾಣುತ್ತದೆ.

ಆದರೆ ಇದಕ್ಕೂ ಒಂದು ಗಡಿಯಾರವಿದೆ. ಇಂಥ ನಿಧಿಗಳ ಆಯುಸ್ಸು ಸಾಮಾನ್ಯವಾಗಿ ಸುಮಾರು ಹತ್ತು ವರ್ಷ. ಅಷ್ಟರಲ್ಲಿ ಷೇರು ಮಾರಿ, ಹಣ ಕೊಟ್ಟವರಿಗೆ ಲಾಭ ಸಮೇತ ಹಿಂದಿರುಗಿಸಬೇಕು. ಉದ್ಯಮ ಆ ವೇಗದಲ್ಲಿ ಬೆಳೆಯದಿದ್ದರೆ ಬೆಳೆಸಲೇಬೇಕೆಂಬ ಒತ್ತಡ ಬರುತ್ತದೆ. ಅದರ ಫಲವನ್ನು 2010ರಲ್ಲಿ ಕಂಡೆವು. ಹೈದರಾಬಾದಿನ ಕಿರುಸಾಲ ಸಂಸ್ಥೆ ಎಸ್‌ಕೆಎಸ್ ಆಗಸ್ಟ್‌ನಲ್ಲಿ ಷೇರುಪೇಟೆಗೆ ಬಂದು ಭಾರಿ ಹಣ ಎತ್ತಿತು. ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸಾಲ ವಸೂಲಿಯ ಕಿರುಕುಳ ಮತ್ತು ಆತ್ಮಹತ್ಯೆಗಳ ದೂರಿನ ನಡುವೆ ಕಿರುಸಾಲದ ಮೇಲೆ ಸುಗ್ರೀವಾಜ್ಞೆ ತಂದಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ಅಂಥದೇ ಕಾರಣಕ್ಕೆ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ವಾರವಾರ ಬಾಗಿಲಿಗೆ ಬರುವವನು ಇಲ್ಲೂ ಇದ್ದ. ಪಿಗ್ಮಿಯವನು ಜನರ ದುಡಿಮೆಯ ಲಯಕ್ಕೆ ಬರುತ್ತಿದ್ದ, ಇವನು ದೂರದ ಹೂಡಿಕೆದಾರನ ಲಯಕ್ಕೆ ಬಂದ.

ಹಣ ಅತಿ ವೇಗವಾಗಿ ಬಂದರೆ ಹೀಗೆ. ಸರಿಯಾದ ಹಣ ಬಾರದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬ್ರಾದ ಬಳಿಯ ಶೀಳ್ ಫಾಟಾ ನೋಡಬೇಕು. 2013ರ ಏಪ್ರಿಲ್ 4ರಂದು ಅಲ್ಲಿ ಅಕ್ರಮವಾಗಿ ಏಳುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 74 ಜನ ಸತ್ತರು. ಕಟ್ಟಿದವರ ದುರಾಸೆ, ಕಣ್ಣು ಮುಚ್ಚಿಕೊಂಡ ಅಧಿಕಾರಿಗಳು ಇದಕ್ಕೆ ನೇರ ಕಾರಣ. ಆದರೆ ಅಂಥ ಕಟ್ಟಡದಲ್ಲಿ ಮನೆ ಹುಡುಕುವವರು ಯಾರು ಎಂದು ಕೇಳಿಕೊಂಡರೆ ಉತ್ತರ ಬ್ಯಾಂಕಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಬ್ಯಾಂಕು ಸಾಲ ಕೊಡುವಾಗ ಕಟ್ಟಡದ ಪರವಾನಗಿಯನ್ನೂ ಕೇಳುತ್ತದೆ. ಸಾಲವೇ ಇಲ್ಲದ ಕಡೆ ಆ ಪ್ರಶ್ನೆ ಕೇಳುವವರೂ ಇರುವುದಿಲ್ಲ.

ಹಾಗಾಗಿ ಮುಂಬ್ರಾದಂಥ ಊರಿಗೆ ಸಾಮಾಜಿಕ ಹೊಣೆಯ ಬಂಡವಾಳ ತರುತ್ತೇವೆ ಎನ್ನುವವರಿಗೆ ಎರಡು ಪ್ರಶ್ನೆ ಹಾಕಬೇಕು. ನಿಮ್ಮ ಹಣ ಎಷ್ಟು ವರ್ಷ ಕಾಯುತ್ತದೆ? ಆ ಗಲ್ಲಿಯನ್ನು ಬಲ್ಲವರು ನಿಮ್ಮಲ್ಲಿ ಯಾರಿದ್ದಾರೆ? ಎಷ್ಟು ಕೋಟಿ ಎಂಬುದು ಆಮೇಲಿನ ಮಾತು.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಶನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ಎರಡು ಹೆಸರೂ ಬೋರ್ಡಿನಿಂದ ಇಳಿದವು. ಪಿಗ್ಮಿ ಎಂಬ ಮಾತು ಮಾತ್ರ ಗಡಿ ದಾಟಿ ಉಳಿದಿದೆ. ಮಹಾರಾಷ್ಟ್ರದ ಪತಸಂಸ್ಥೆಗಳಲ್ಲಿ ದಿನದ ಹಣ ಎತ್ತುವವರನ್ನು ಮರಾಠಿಯಲ್ಲಿ ಇಂದಿಗೂ ಪಿಗ್ಮಿ ಏಜೆಂಟ್ ಎಂದೇ ಕರೆಯುತ್ತಾರೆ.