ಬೆವರು, ಗೊಂಪು ಮತ್ತು ಗಂಧದ ಸಾಬೂನು

ಬೇಸಿಗೆಯ ಉಪ್ಪುಂದದಲ್ಲಿ ಕಡಲ ಗಾಳಿ ಬೀಸಿದರೂ ಮೈಬೆವರು ಬೇಗ ಆರದು. ಗಾಳಿಯಲ್ಲೇ ತೇವಾಂಶ ತುಂಬಿರುತ್ತದೆ. ಬಲೆ ಎಳೆಯುವವರಿಗಂತೂ ಬೆವರು ನಿತ್ಯದ ಸಂಗಾತಿ. ಆದರೆ ಬೆವರಿಗೆ ತನ್ನದೇ ಆದ ದುರ್ಗಂಧವಿಲ್ಲ. ಕಂಕುಳಿನಂಥ ಭಾಗದ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ.

ಸಾಬೂನು ಬರುವ ಮುನ್ನ ಕರಾವಳಿಯ ಬಚ್ಚಲುಮನೆಯಲ್ಲಿ ಇದಕ್ಕೆ ಮದ್ದಿತ್ತು. ತಲೆಗೆ ದಾಸವಾಳ, ಮತ್ತಿ ಎಲೆಗಳ ಗೊಂಪು. ಮೈಗೆ ಕಡಲೆಹಿಟ್ಟು, ಸೀಗೆಪುಡಿ. ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ನೊರೆಯೆಬ್ಬಿಸಿ ಜಿಡ್ಡು ತೊಳೆಯುತ್ತದೆ. ಲಾವಂಚ, ಗಂಧಗಳ ಪರಿಮಳ ಆಮೇಲಿನದು.

ಈ ಪರಿಮಳವಿದ್ಯೆಗೆ ಗ್ರಂಥಗಳ ಆಧಾರವೂ ಇದೆ. 11ನೇ ಶತಮಾನದ ಎರಡನೇ ಚಾವುಂಡರಾಯ ತನ್ನ ಕನ್ನಡ ಕೃತಿ ‘ಲೋಕೋಪಕಾರ’ದಲ್ಲಿ ಸುಗಂಧ ತಯಾರಿಕೆಯನ್ನು ವಿವರಿಸಿದ್ದಾನೆ. 12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಸ್ನಾನವನ್ನು ರಾಜಭೋಗಗಳಲ್ಲಿ ಎಣಿಸಿದೆ.

ಅರಸರ ಆ ಗಂಧ ಸಾಮಾನ್ಯರ ಬಚ್ಚಲಿಗೆ ಬಂದದ್ದು ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಗಂಧದ ಮರದ ರಫ್ತಿಗೆ ಅಡ್ಡಿಯಾದಾಗ, ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ತಯಾರಿಕೆ ಆರಂಭವಾಯಿತು. ಕಾಲಕ್ರಮೇಣ ಹಲವು ಮನೆಗಳಲ್ಲಿ ಗೊಂಪು ಹಬ್ಬದ ಎಣ್ಣೆಸ್ನಾನಕ್ಕಷ್ಟೇ ಉಳಿಯಿತು.

ಹಿತ್ತಲ ಮದ್ದನ್ನು ಇಂದೂ ಬಳಸಬಹುದು. ಆದರೆ ನಿಂಬೆರಸ, ಅಡುಗೆ ಸೋಡಾ ಚರ್ಮವನ್ನು ಸುಟ್ಟೀತು. ಮೈವಾಸನೆ ಹಠಾತ್ತನೆ ಬದಲಾದರೆ ವೈದ್ಯರಿಗೆ ತೋರಿಸಬೇಕು. ದುಡಿದು ಬೆವರಿದವರನ್ನು ಕಂಡು ಮೂಗು ಮುರಿಯುವವರೂ ಒಂದು ಮಾತು ನೆನಪಿಡಬೇಕು: ವಾಸನೆ ಹುಟ್ಟಿಸುವ ಆ ಸೂಕ್ಷ್ಮಜೀವಿಗಳು ಎಲ್ಲರ ಮೈಮೇಲೂ ಇವೆ.