ಕರಡಿ ಬೇಟೆ: ಅಂದಿನ ರೂಢಿ, ಇಂದಿನ ಕಾನೂನು



ಕಂಬಂ ಕಡೆಯ ನಮ್ಮ ಸದಸ್ಯರೊಬ್ಬರಿಗೆ ಅಟ್ಟ ಶುಚಿ ಮಾಡುವಾಗ ಅಜ್ಜನ ಕಾಲದ ಕರಡಿ ಉಗುರಿನ ತಾಯಿತ ಸಿಕ್ಕಿತು. ಮೊಮ್ಮಗನ ಕೊರಳಿಗೆ ಕಟ್ಟಬಹುದೇ ಎಂದು ಕೇಳಿದರು. "ಬೇಡಿ ಸ್ವಾಮಿ" ಎಂದೆ. ಕಾರಣ ಎಲ್ಲರಿಗೂ ತಿಳಿದಿರಲಿ ಎಂದು ಇಲ್ಲಿ ಬರೆದಿದ್ದೇನೆ.

ನಮ್ಮ ಬೆಟ್ಟದ ಕರಡಿ

ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಇದರ ಹೆಸರು ಕರಡಿಯೇ. ಮೇಘಮಲೈ, ವರುಸನಾಡು, ಕೊಡೈಕಾನಲ್ ಬೆಟ್ಟಗಳಲ್ಲಿ ಇದೆ. ಉದ್ದನೆಯ ಕಪ್ಪು ಕೂದಲು, ಎದೆಯ ಮೇಲೆ ಬಿಳಿ ಪಟ್ಟೆ. ಗಂಡು ಸುಮಾರು 80ರಿಂದ 145 ಕೆ.ಜಿ. ತೂಗುತ್ತದೆ. ಮೇಲ್ದವಡೆಯ ಮುಂದಿನ ಎರಡು ಹಲ್ಲು ಇಲ್ಲದ್ದರಿಂದ ಹುತ್ತ ಅಗೆದು ಗೆದ್ದಲನ್ನು ಹೀರಿ ತಿನ್ನುತ್ತದೆ. ಜೇನು, ನೇರಳೆ, ಅತ್ತಿ, ಹಲಸು ಕೂಡ ಇಷ್ಟ. ಮರಿಗಳನ್ನು ತಾಯಿ ಬೆನ್ನ ಮೇಲೆ ಹೊತ್ತು ತಿರುಗುತ್ತದೆ.

ಬೇಟೆಯ ಕಾಲ

ಬ್ರಿಟಿಷರ ಕಾಲದಲ್ಲಿ ಕರಡಿ ಬೇಟೆ ಒಂದು ಹವ್ಯಾಸವಾಗಿತ್ತು. ರಾತ್ರಿ ಮೇದು ಬೆಳಗಿನ ಜಾವ ಬಂಡೆಯ ಪೊಟರೆಗೆ ಮರಳುವ ಕರಡಿಯನ್ನು ದಾರಿಯಲ್ಲಿ ಕಾದು ಹೊಡೆಯುತ್ತಿದ್ದರು. ಚರ್ಮ ಗೋಡೆಗೆ, ಕೊಬ್ಬು ಔಷಧಿಗೆ, ಉಗುರು ತಾಯಿತಕ್ಕೆ. ಮೈಸೂರು ಸೀಮೆಯಲ್ಲಿ ಬೇಟೆಗಾರ ಕೆನೆತ್ ಆಂಡರ್ಸನ್ ಅರಸೀಕೆರೆ ಬಳಿಯ ಒಂದು ಕರಡಿಯನ್ನು ಹೊಡೆದರು. ಅವರ ಬರಹದಂತೆ ಅದು ಹನ್ನೆರಡು ಮಂದಿಯನ್ನಾದರೂ ಕೊಂದಿತ್ತು. ಅಂಥ ಕರಡಿ ಅಪರೂಪ. ಸಾಮಾನ್ಯವಾಗಿ ಕರಡಿ ಮನುಷ್ಯನನ್ನು ತಿನ್ನಲು ಬರುವುದಿಲ್ಲ, ಬೆಚ್ಚಿದಾಗ ಮೇಲೆ ಬೀಳುತ್ತದೆ.

ಇಂದಿನ ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕರಡಿ ಈಗ ಮೊದಲ ಅನುಸೂಚಿಯಲ್ಲಿದೆ. ಪರವಾನಗಿ ಪಡೆದು ಬೇಟೆಯಾಡುವ ಪದ್ಧತಿಯನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಕೊಂದರೆ 3ರಿಂದ 7 ವರ್ಷ ಸೆರೆ. 2022ರ ತಿದ್ದುಪಡಿಯ ನಂತರ ಕನಿಷ್ಠ ದಂಡ 25,000 ರೂಪಾಯಿ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ, ಆದರೆ ಆ ಕಳೇಬರ ಸರ್ಕಾರದ ಸ್ವತ್ತು. ಮನುಷ್ಯರ ಜೀವಕ್ಕೆ ಅಪಾಯವಾದ ಕರಡಿಯ ವಿಷಯದಲ್ಲಿ ತೀರ್ಮಾನ ಮುಖ್ಯ ವನ್ಯಜೀವಿ ಪಾಲಕರದು, ತೋಟದ ಮಾಲೀಕರದಲ್ಲ.

ಒಡೆತನದ ಪ್ರಮಾಣಪತ್ರವಿಲ್ಲದೆ ಚರ್ಮ, ಉಗುರು, ಹಲ್ಲು ಇಟ್ಟುಕೊಳ್ಳುವುದೂ ಅಪರಾಧ. ಅಜ್ಜ ಹೊಡೆದದ್ದು ಎಂದರೆ ಸಾಲದು. ವಕೀಲರನ್ನು ಕೇಳಿ, ಸಮೀಪದ ಅರಣ್ಯ ರೇಂಜ್ ಕಚೇರಿಗೆ ಬರಹದಲ್ಲಿ ತಿಳಿಸಿ ಒಪ್ಪಿಸಿ. ಮಾರುವುದಾಗಲಿ, ನೆಂಟರಿಗೆ ಕೊಡುವುದಾಗಲಿ ಬೇಡ. 2021ರಿಂದ ಮೇಘಮಲೈ ಪ್ರದೇಶ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಗಿದೆ ಎಂಬುದೂ ನೆನಪಿರಲಿ.

ತೋಟಕ್ಕೆ ಹೋಗುವವರಿಗೆ

1. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬೇಡಿ. ಮಾತಾಡುತ್ತಾ, ಕೋಲು ಬಡಿಯುತ್ತಾ ನಡೆಯಿರಿ.
2. ಬಂಡೆಯ ಸಂದು, ಲಂಟಾನ ಪೊದೆಗಳಿಗೆ ನುಗ್ಗಬೇಡಿ. ಹಗಲು ಕರಡಿ ಮಲಗುವುದು ಅಲ್ಲೇ.
3. ಎದುರಾದರೆ ಓಡಬೇಡಿ. ನಿಮಗಿಂತ ಅದು ವೇಗ, ಮರವನ್ನೂ ಹತ್ತುತ್ತದೆ. ಮೆಲ್ಲಗೆ ಹಿಂದೆ ಸರಿಯಿರಿ. ಮರಿ ಕಂಡರೆ ಹತ್ತಿರ ಹೋಗಲೇಬೇಡಿ.
4. ಮೇಲೆ ಬಿದ್ದರೆ ಬೋರಲು ಮಲಗಿ, ಕೈಗಳಿಂದ ಕುತ್ತಿಗೆ ಮುಚ್ಚಿ, ಮುಖ ನೆಲಕ್ಕೆ ಒತ್ತಿಕೊಳ್ಳಿ. ಹೆಚ್ಚಿನ ಗಾಯ ಆಗುವುದು ಮುಖ, ತಲೆಗೆ.
5. ಗಾಯವಾದರೆ ಸೋಪು, ನೀರಿನಿಂದ ಹದಿನೈದು ನಿಮಿಷ ತೊಳೆದು, 108ಕ್ಕೆ ಕರೆ ಮಾಡಿ. ರಕ್ತ ಹರಿಯುತ್ತಿದ್ದರೆ ಮೊದಲು ಬಟ್ಟೆಯಿಂದ ಒತ್ತಿ ಹಿಡಿಯಿರಿ. ರೇಬೀಸ್ ಲಸಿಕೆ ಬಗ್ಗೆ ವೈದ್ಯರನ್ನು ತಪ್ಪದೆ ಕೇಳಿ.

ಆ ಸದಸ್ಯರು ತಾಯಿತವನ್ನು ಒಪ್ಪಿಸಲು ಒಪ್ಪಿದ್ದಾರೆ. "ಅಜ್ಜನ ನೆನಪು ಹೋಗುತ್ತಲ್ಲ" ಎಂದರು. ಅಜ್ಜನ ಕಥೆಯನ್ನು ಮೊಮ್ಮಗನಿಗೆ ಕನ್ನಡದಲ್ಲಿ ಹೇಳಿ ಎಂದಿದ್ದೇನೆ. ಅದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ